ಬೆನ್ನುಹುರಿ ಗಾಯ: ಸ್ಟೆಮ್ ಸೆಲ್ ಕಸಿ ಜೊತೆ ಎಲೆಕ್ಟ್ರೋಅಕ್ಯುಪಂಕ್ಚರ್, ಸೂಜಿ ಎಲ್ಲಿ, ಕರೆಂಟ್ ಎಷ್ಟು?

ಹುರಿಗಂಟು:
ಇಲಿಯಲ್ಲಿ ಟಿ10 (ಎದೆಭಾಗದ ಹತ್ತನೇ ಬೆನ್ನೆಲುಬು) ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ಕತ್ತರಿಸಿ, ಅಸ್ಥಿಮಜ್ಜೆಯ ಮೀಸೆಂಕೈಮಲ್ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಕಸಿ ಮಾಡುವ ಯೋಜನೆ. ಜೊತೆಗೆ ಎಲೆಕ್ಟ್ರೋಅಕ್ಯುಪಂಕ್ಚರ್ (ಚುಚ್ಚಿದ ಸೂಜಿಗಳ ಮೂಲಕ ಸಣ್ಣ ಕರೆಂಟ್) ಕೊಡಬೇಕು. ಯಾವ ಬಿಂದು, ಎಷ್ಟು ಕರೆಂಟ್, ಯಾವಾಗ ಶುರು? ಕಂಟ್ರೋಲ್ (ಹೋಲಿಕೆಯ) ಗುಂಪುಗಳು ಎಷ್ಟಿರಬೇಕು?

ಸೂಜಿದಾರ:
ಗುವಾಂಗ್‌ಝೌನ ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದ ಝೆಂಗ್ ಯುವಾನ್‌ಶಾನ್ ತಂಡದ ಕ್ರಮವನ್ನೇ ಹಿಡಿಯಿರಿ. ಅಕ್ಯುಪಂಕ್ಚರ್ ಬಿಂದುಗಳು: ಬೆನ್ನಿನ ನಡುಗೆರೆಯ (ಜಿವಿ, ಗವರ್ನರ್ ವೆಸಲ್) ಜಿವಿ9 (ಟಿ7ರ ಕೆಳಗೆ), ಜಿವಿ6 (ಟಿ11ರ ಕೆಳಗೆ), ಬಾಲದ ಬುಡದ ಬಳಿ ಜಿವಿ2, ಜಿವಿ1. ಮೇಲಿನ ಎರಡರ ನಡುವೆ ಗಾಯ ಬರುತ್ತದೆ. 60 ಹರ್ಟ್ಸ್ 1.05 ಸೆಕೆಂಡ್, 2 ಹರ್ಟ್ಸ್ 2.85 ಸೆಕೆಂಡ್, ಹೀಗೆ ಅದಲುಬದಲು. 1 ಮಿಲಿಆಂಪಿಯರ್ ದಾಟಬೇಡಿ. ಒಂದು ಸಲಕ್ಕೆ 20 ನಿಮಿಷ, ದಿನ ಬಿಟ್ಟು ದಿನ. ಹೊಲಿಗೆ ಕೂಡಿಕೊಳ್ಳಲು ಒಂದು ವಾರ ಬಿಟ್ಟು ಶುರು ಮಾಡಿ. ಬೆನ್ನುಹುರಿ ತಲುಪಲು ಮೂಳೆ ತೆಗೆದ ಜಾಗಕ್ಕೆ ನೇರ ಚುಚ್ಚಬೇಡಿ, ಅಲ್ಲಿ ಸೂಜಿಯನ್ನು ತಡೆಯುವುದೇನೂ ಇಲ್ಲ. ಅಲೆ ಎರಡೂ ದಿಕ್ಕಿಗೆ ಸಮನಾಗಿರಲಿ. ಒಂದೇ ದಿಕ್ಕಿನ ಕರೆಂಟ್ ಸೂಜಿಯನ್ನೂ ತಿನ್ನುತ್ತದೆ, ಸುತ್ತಲ ಅಂಗಾಂಶವನ್ನೂ ಸುಡುತ್ತದೆ.

ಇನ್ನು ಎಲ್ಲರೂ ಮರೆಯುವ ಮಾತು: ಪ್ರಚೋದನೆ ಕೊಟ್ಟಾಗ ಬೆನ್ನುಹುರಿಯಲ್ಲಿ ಎನ್‌ಟಿ-3 (ನ್ಯೂರೋಟ್ರೋಫಿನ್-3, ನರಕೋಶ ಬೆಳೆಸುವ ಪ್ರೋಟೀನ್) ಹೆಚ್ಚುತ್ತದೆ. ಆದರೆ ಕಸಿ ಮಾಡಿದ ಕೋಶಕ್ಕೆ ಅದನ್ನು ಹಿಡಿಯುವ ಟಿಆರ್‌ಕೆ-ಸಿ ಗ್ರಾಹಕ ಸಾಕಷ್ಟಿಲ್ಲದಿದ್ದರೆ ಹೆಚ್ಚಿದ್ದೂ ದಂಡ. ಆ ತಂಡ ಟಿಆರ್‌ಕೆ-ಸಿ ಜೀನ್ ಸೇರಿಸಿದ ಕೋಶ ಬಳಸಿದ್ದು ಇದಕ್ಕೇ. ಕಸಿಗೆ ಮೊದಲು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಪತ್ತೆಯ ಪರೀಕ್ಷೆ) ಗ್ರಾಹಕ ನೋಡಿಕೊಳ್ಳಿ.

ಬಿಳಿಇಲಿ:
ಗುಂಪು ಐದು ಬೇಕು: ಗಾಯ ಮಾತ್ರ, ಕೋಶ ಮಾತ್ರ, ಎಲೆಕ್ಟ್ರೋಅಕ್ಯುಪಂಕ್ಚರ್ ಮಾತ್ರ, ಎರಡೂ, ಮತ್ತೆ ಕೋಶದ ಜೊತೆ ಕರೆಂಟ್ ಇಲ್ಲದ ಸೂಜಿ. ಕೊನೆಯದನ್ನು ಬಿಟ್ಟರೆ ಸೂಜಿ ಚುಚ್ಚಿ ಇಲಿಯನ್ನು ಹಿಡಿದಿಟ್ಟದ್ದರ ಪರಿಣಾಮ ಯಾವುದು, ಕರೆಂಟಿನದು ಯಾವುದು ಅಂತ ಬೇರ್ಪಡಿಸಲಾಗದು.

ಬಿಬಿಬಿ ಅಂಕವನ್ನು (ಹಿಂಗಾಲಿನ ಚಲನೆ ಅಳೆಯುವ ಮಾಪಕ, 0ರಿಂದ 21) ಗುಂಪು ಗೊತ್ತಿಲ್ಲದ ಇಬ್ಬರು ಕೊಡಲಿ, ಪ್ರಚೋದನೆ ಮುಗಿದ ಕೂಡಲೇ ಬೇಡ. ಹಿಂಗಾಲು ಆಡಿತು ಅಂತ ಹಿಗ್ಗಬೇಡಿ. ಮಿದುಳಿನ ಸಂಪರ್ಕವಿಲ್ಲದೆಯೂ ಗಾಯದ ಕೆಳಗಿನ ನರಜಾಲ ಕಾಲಾಡಿಸುತ್ತದೆ. ಕೊನೆಗೆ ಅದೇ ಜಾಗದಲ್ಲಿ ಮತ್ತೆ ಕತ್ತರಿಸಿ ನೋಡಿ: ಅಂಕ ಬೀಳದಿದ್ದರೆ ಅದು ಕಸಿಯ ಮೂಲಕ ಬಂದ ಚೇತರಿಕೆಯಲ್ಲ. ಮೂತ್ರಕೋಶವನ್ನು ದಿನಕ್ಕೆರಡು ಸಲವಾದರೂ ಕೈಯಿಂದ ಒತ್ತಿ ಖಾಲಿ ಮಾಡಿ. ಸೋಂಕಿಗೆ ಇಲಿ ಸತ್ತರೆ ಲೆಕ್ಕವೆಲ್ಲ ಓರೆ.

ಪುನಶ್ಚೇತನ:
ರೋಗಿಗಳ ಮನೆಯವರೂ ಇಲ್ಲಿ ಓದುತ್ತಾರೆ, ಅವರಿಗಾಗಿ. ಮೇಲಿನದೆಲ್ಲ ಇಲಿಯ ಮಾತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಬೆನ್ನುಹುರಿ ಗಾಯಕ್ಕೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್ ಅಂದು ದುಡ್ಡು ಕೇಳಿದರೆ ಎದ್ದು ಬನ್ನಿ. ಬರೀ ಎಲೆಕ್ಟ್ರೋಅಕ್ಯುಪಂಕ್ಚರ್ ಆದರೂ, ಗಾಯ ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ ಕೆಳಭಾಗದ ಪ್ರಚೋದನೆಗೆ ಬಿಪಿ ಥಟ್ಟನೆ ಏರಬಹುದು. ತಲೆ ಸಿಡಿಯುವುದು, ಮುಖ ಕೆಂಪಾಗುವುದು ಕಂಡರೆ ಕರೆಂಟ್ ನಿಲ್ಲಿಸಿ, ಎತ್ತಿ ಕೂರಿಸಿ, ಮೂತ್ರದ ಕ್ಯಾತಿಟರ್ (ನಳಿಕೆ) ಮುಚ್ಚಿಕೊಂಡಿದೆಯೇ ನೋಡಿ. ಬಿಪಿ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ.