ಬಲಮುರಿ ಎಂದರೆ ಯಾವ ಕಡೆ? ಪಳೆಯುಳಿಕೆ ಶಂಖಗಳ ಪಾಠಕ್ಕೊಂದು ಪದ ಬೇಕು

ಬಳ್ಳಾರಿಯಲ್ಲಿ ಭೂವಿಜ್ಞಾನ ಓದುವ ಹುಡುಗರಿಗಾಗಿ ಕಡಲ ಬಸವನಹುಳುಗಳ ಪಳೆಯುಳಿಕೆ ಕುರಿತು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಸಂಡೂರಿನ ಬಂಡೆಗಳಲ್ಲಿ ಇವು ಸಿಗುವ ಮಾತೇ ಇಲ್ಲ. ಆ ಕಲ್ಲು ಸುಮಾರು 270 ಕೋಟಿ ವರ್ಷ ಹಳೆಯದು. ಚಿಪ್ಪಿನ ಪ್ರಾಣಿಗಳು ಬಂದದ್ದು ಎಷ್ಟೋ ಕಾಲದ ಮೇಲೆ. ಹಾಗಾಗಿ 1860ರ ದಶಕದಲ್ಲಿ ಪಳೆಯುಳಿಕೆ ತಜ್ಞ ಸ್ಟೋಲಿಚ್ಕಾ ವಿವರಿಸಿದ ತಮಿಳುನಾಡಿನ ಅರಿಯಲೂರು ಕಡೆಯ ಕ್ರಿಟೇಶಿಯಸ್ (ಡೈನೊಸಾರ್‌ಗಳ ಕಾಲದ ಕೊನೆಯ ಘಟ್ಟ) ಚಿಪ್ಪುಗಳನ್ನೇ ನೆಚ್ಚಿಕೊಂಡಿದ್ದೇನೆ.

ತೊಡಕಿರುವುದು ಡೆಕ್ಸ್‌ಟ್ರಲ್, ಸಿನಿಸ್ಟ್ರಲ್ ಎಂಬ ಜೋಡಿಯಲ್ಲಿ. ಸುರುಳಿಯ ತುದಿ ಮೇಲಾಗಿ, ಬಾಯಿ ನಮ್ಮತ್ತ ಇರುವಂತೆ ಹಿಡಿದಾಗ ಬಾಯಿ ಬಲಕ್ಕೆ ಬಂದರೆ ಡೆಕ್ಸ್‌ಟ್ರಲ್, ಎಡಕ್ಕೆ ಬಂದರೆ ಸಿನಿಸ್ಟ್ರಲ್. ಬಹುಪಾಲು ಚಿಪ್ಪುಗಳು ಡೆಕ್ಸ್‌ಟ್ರಲ್. 'ಬಲಮುರಿ' ಎಂದು ಬರೆದು ಮುಂದೆ ಹೋಗೋಣವೆಂದರೆ, ಜನ ಹುಡುಕಿ ಪೂಜಿಸುವ ಅಪರೂಪದ ಬಲಮುರಿ ಶಂಖ ವಿಜ್ಞಾನದ ಲೆಕ್ಕದಲ್ಲಿ ಸಿನಿಸ್ಟ್ರಲ್! ನಮ್ಮಲ್ಲಿ ನೋಡುವ ಕ್ರಮವೇ ಬೇರೆ: ನೀಳವಾದ ಬಾಲ ಮೇಲೆ, ಸುರುಳಿಯ ತುದಿ ಕೆಳಗೆ. ಎಡಬಲ ಅದಲುಬದಲು. ದಕ್ಷಿಣಾವರ್ತ, ವಾಮಾವರ್ತ ಎಂದರೂ ಅದೇ ಗೋಳು. (ಗಣಪತಿಯ ಸೊಂಡಿಲಿನ ಬಲಮುರಿಯನ್ನು ಸದ್ಯಕ್ಕೆ ಎಳೆಯುವುದು ಬೇಡ.)

ಇದು ಬರೀ ಪದದ ಚೌಕಾಸಿಯಲ್ಲ. ಪಳೆಯುಳಿಕೆಯಲ್ಲಿ ಮೈ ಉಳಿದಿರುವುದಿಲ್ಲ, ಚಿಪ್ಪಷ್ಟೇ. ದೂರದ ನಂಟಿನ ಹುಳುಗಳೂ ಒಂದೇ ಥರದ ಉದ್ದನೆಯ ಚೂಪು ಚಿಪ್ಪು ಕಟ್ಟಿಕೊಳ್ಳುತ್ತವೆ. ಹೊಸದಾಗಿ ಸಿಕ್ಕದ್ದು ಬಸವನಹುಳುಗಳ ಎರಡು ದೊಡ್ಡ ಕವಲುಗಳಾದ ಸೀನೋಗ್ಯಾಸ್ಟ್ರೊಪಾಡದ್ದೋ ಹೆಟೆರೊಬ್ರ್ಯಾಂಕಿಯಾದ್ದೋ ಎಂದು ಹೇಳಲು ತುದಿಯಲ್ಲಿ ಅಂಟಿಕೊಂಡ ಮರಿಚಿಪ್ಪು ನೋಡಬೇಕು, ಅದು ಸವೆಯದೆ ಉಳಿದಿದ್ದರೆ. ಹೆಟೆರೊಬ್ರ್ಯಾಂಕಿಯಾದಲ್ಲಿ ಸಾಮಾನ್ಯವಾಗಿ ಮರಿಚಿಪ್ಪು ಎಡಕ್ಕೆ ಸುತ್ತಿದಂತೆ ಕಂಡು, ಆಮೇಲಿನ ಸುತ್ತುಗಳು ಬಲಕ್ಕೆ ಹೊರಳುತ್ತವೆ. ವಂಶದ ಮೂಲ ಹೇಳುವ ದೊಡ್ಡ ಗುರುತು ಇದು. ಇಲ್ಲಿ ಎಡಬಲ ತಪ್ಪಿದರೆ ಪಾಠವೇ ತಲೆಕೆಳಗು.

ನನ್ನ ಸೂಚನೆ: ಬಲಸುಳಿ, ಎಡಸುಳಿ. ಸುಳಿ ನೋಡಿ ಎತ್ತು ಕೊಳ್ಳುವ ನಮ್ಮ ಕಡೆಯವರಿಗೆ 'ಸುಳಿ' ವಿವರಿಸಬೇಕಿಲ್ಲ. ಮರಿಚಿಪ್ಪು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ ಸುತ್ತಿದ್ದಕ್ಕೆ 'ತಿರುವುಮುರುವು ಸುಳಿ' ಎನ್ನಬಹುದೇನೋ. ಸ್ವಲ್ಪ ಉದ್ದವಾಯಿತು, ಆದರೆ ಅರ್ಥ ಬಾಯಿಬಿಟ್ಟು ಹೇಳುತ್ತದೆ. ಪೂಜೆಯ ಶಂಖಕ್ಕೆ ಬಲಮುರಿ ಹಾಗೇ ಇರಲಿ.

ಕರಾವಳಿಯವರನ್ನು ಕೇಳುವುದೊಂದಿದೆ. ಚಿಪ್ಪು ಆಯುವವರ ಮಾತಿನಲ್ಲಿ ಈ ಎರಡು ಬಗೆಯ ಸುತ್ತಿಗೆ ಬೇರೆ ಹೆಸರು ಬಳಕೆಯಲ್ಲಿದೆಯೇ? ಇದ್ದರೆ ನನ್ನ ಜೋಡಿಯನ್ನು ಬಿಟ್ಟು ಅದನ್ನೇ ಹಾಕುತ್ತೇನೆ.