ಆರ್‌ಸಿ ಕಾರ್ ರೇಸ್‌ಗೆ ಅಂಕಪಟ್ಟಿ: ಹಾಜರಾತಿಗೆ ಎಷ್ಟು ಬೆಲೆ, ಓಟಕ್ಕೆ ಎಷ್ಟು?

ಮೈಸೂರು_ಬಗ್ಗಿ:
ಎಲ್ಲರಿಗೂ ನಮಸ್ಕಾರ. ಮೈಸೂರು ಮತ್ತು ಮಂಡ್ಯದ ಹತ್ತು ಹನ್ನೆರಡು ಮಂದಿ ಸೇರಿ ರಿಮೋಟಿನಿಂದ ನಡೆಸುವ (ಆರ್‌ಸಿ), ನಿಜ ಗಾಡಿಯ 1/10 ಅಳತೆಯ ಎಲೆಕ್ಟ್ರಿಕ್ ಬಗ್ಗಿಗಳನ್ನು ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದೇವೆ. ದಸರೆ ಕಳೆದು ಮಳೆ ನಿಂತ ಮೇಲೆ ತಿಂಗಳಿಗೊಂದರಂತೆ ಎಂಟು ಸುತ್ತುಗಳ ಸರಣಿ ನಡೆಸುವ ಆಲೋಚನೆಯಿದೆ. ಫಾರ್ಮುಲಾ ಒನ್‌ನಲ್ಲಿ 2010ರಿಂದ ಜಾರಿಯಲ್ಲಿರುವ 25, 18, 15, 12, 10, 8, 6, 4, 2, 1 ಎಂಬ ಅಂಕಕ್ರಮವನ್ನೇ ಇಟ್ಟುಕೊಳ್ಳೋಣ ಎಂಬುದು ಹೆಚ್ಚಿನವರ ಅಭಿಪ್ರಾಯ. ಆದರೆ ಎಂಟೂ ಸುತ್ತಿಗೆ ಬಂದು ಪ್ರತಿ ಬಾರಿ ನಾಲ್ಕನೆಯ ಸ್ಥಾನ ಪಡೆದವರಿಗೆ ಇದರಲ್ಲಿ 96 ಅಂಕ ಸಿಗುತ್ತದೆ. ಮೂರೇ ಸುತ್ತಿಗೆ ಬಂದು ಮೂರನ್ನೂ ಗೆದ್ದವರಿಗೆ 75 ಮಾತ್ರ. ಕಬ್ಬಿನ ಕಟಾವು ಶುರುವಾದರೆ ಮಂಡ್ಯದ ಗೆಳೆಯರಲ್ಲಿ ಕೆಲವರು ತಿಂಗಳುಗಟ್ಟಲೆ ಬರಲಾಗುವುದಿಲ್ಲ. ಇದೇ ಪಟ್ಟಿಯನ್ನು ನೋಡಿ ಹೀಟ್‌ಗಳನ್ನು, ಅಂದರೆ ಒಟ್ಟಿಗೆ ಓಡುವ ಗುಂಪುಗಳನ್ನು, ವಿಂಗಡಿಸಬೇಕೆಂಬ ಉದ್ದೇಶವೂ ಇರುವುದರಿಂದ, ಹಾಜರಾತಿಯೇ ಶ್ರೇಯಾಂಕವಾಗಿಬಿಡದಂತೆ ಏನು ಮಾಡಬಹುದೆಂದು ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಹಳೇ_ಸರ್ವೋ:
ಎಂಟರಲ್ಲಿ ಅತ್ಯುತ್ತಮ ಐದು ಫಲಿತಾಂಶಗಳನ್ನು ಮಾತ್ರ ಎಣಿಸಿ. ಆಗ ನಿಮ್ಮ ನಾಲ್ಕನೆಯವರ 96 ಅಂಕ 60ಕ್ಕೆ ಇಳಿಯುತ್ತದೆ, ಮೂರು ಗೆದ್ದವರ 75 ಹಾಗೆಯೇ ಉಳಿಯುತ್ತದೆ. ಇದು ಹೊಸ ಉಪಾಯವೇನಲ್ಲ. 1988ರ ಫಾರ್ಮುಲಾ ಒನ್‌ನಲ್ಲಿ 16 ರೇಸುಗಳ ಪೈಕಿ ಅತ್ಯುತ್ತಮ 11 ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು. ಒಟ್ಟು ಗಳಿಕೆಯಲ್ಲಿ ಚಾಲಕರಾದ ಪ್ರಾಸ್ಟ್ 105, ಸೆನ್ನಾ 94 ಇದ್ದರೂ ಲೆಕ್ಕಕ್ಕೆ ಸಿಕ್ಕ ಅಂಕಗಳಲ್ಲಿ ಸೆನ್ನಾ 90, ಪ್ರಾಸ್ಟ್ 87 ಆಗಿ ಪ್ರಶಸ್ತಿ ಸೆನ್ನಾ ಪಾಲಾಯಿತು. ಆದ್ದರಿಂದ ಎಷ್ಟು ಸುತ್ತು ಕೈಬಿಡುತ್ತೀರಿ ಎಂಬುದನ್ನು ಮೊದಲ ಸುತ್ತಿಗೆ ಮುನ್ನವೇ ಬರೆದು ಅಂಟಿಸಿ. ನಡುವೆ ಬದಲಿಸಿದರೆ ಜಗಳ ಖಂಡಿತ.

ಒಂದು ದಿನದ ಒಳಗಿನ ದುರದೃಷ್ಟಕ್ಕೂ ಮದ್ದು ಬೇಕು. ಸರ್ವೋ (ಚಕ್ರ ತಿರುಗಿಸುವ ಪುಟ್ಟ ಮೋಟಾರು) ಕೈಕೊಡುವುದು, ಮಗುಚಿದ ಕಾರನ್ನು ಮಾರ್ಷಲ್ ತಡವಾಗಿ ಎತ್ತುವುದು ಯಾರ ಸಾಮರ್ಥ್ಯವನ್ನೂ ಅಳೆಯುವುದಿಲ್ಲ. ಆರ್‌ಸಿ ರೇಸಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಮಾರ್‌ನ 1/10 ಆಫ್‌ರೋಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎ ಮೇನ್ (ಅಗ್ರ ಗುಂಪಿನ ಅಂತಿಮ ಓಟ) ಅನ್ನು ಮೂರು ಬಾರಿ ಓಡಿಸಿ, ಅವುಗಳಲ್ಲಿ ಉತ್ತಮವಾದ ಎರಡನ್ನು ಮಾತ್ರ ಪರಿಗಣಿಸುತ್ತಾರೆ. ಐದು ನಿಮಿಷದ ಮೂರು ಓಟ ನಿಮ್ಮಲ್ಲೂ ಕಷ್ಟವಾಗಲಾರದು. ಅಲ್ಲಿ ಮೊದಲನೆಯವರಿಗೆ 1, ಎರಡನೆಯವರಿಗೆ 2 ಎಂದು ಕಡಿಮೆ ಅಂಕವೇ ಮೇಲು. ಅದರಿಂದ ದಿನದ ಸ್ಥಾನವನ್ನು ನಿರ್ಧರಿಸಿದ ಮೇಲೆಯೇ 25, 18ರ ಲೆಕ್ಕಕ್ಕೆ ಬನ್ನಿ.

ಮಂಡ್ಯ_ಟ್ರ್ಯಾಕ್:
ಮೇಲಿನ ಸಲಹೆ ಪ್ರಶಸ್ತಿಗೆ ಸರಿ, ಹೀಟ್ ವಿಂಗಡಿಸಲು ಸಾಲದು. ಪ್ರಶಸ್ತಿ ಪಟ್ಟಿ ಒಂದು, ಶ್ರೇಯಾಂಕ ಇನ್ನೊಂದು. ಎರಡನ್ನೂ ಒಂದೇ ಅಂಕದಿಂದ ಸಾಧಿಸಲು ಹೊರಟಿರುವುದೇ ತೊಡಕಿನ ಮೂಲ. ದಸರಾ ನಾಡಕುಸ್ತಿಗೆ ಜೋಡಿ ಕಟ್ಟುವಾಗ ಹಿರಿಯ ಪೈಲ್ವಾನರು ಮೈಕಟ್ಟು, ವಯಸ್ಸು, ತೂಕಗಳನ್ನು ನೋಡಿ ಸರಿಸಮನಾದ ಎದುರಾಳಿಯನ್ನು ಆರಿಸುತ್ತಾರೆಯೇ ಹೊರತು ಯಾರು ಎಷ್ಟು ದಸರೆಗೆ ಬಂದಿದ್ದಾರೆಂದು ಎಣಿಸುವುದಿಲ್ಲ.

ಶ್ರೇಯಾಂಕಕ್ಕೆ, ಎದುರಾಳಿಯ ಬಲ ನೋಡಿ ಗೆದ್ದರೆ ಅಂಕ ಕೂಡಿಸಿ ಸೋತರೆ ಕಳೆಯುವ ಚದುರಂಗದ ಈಲೋ ಪದ್ಧತಿ ಹೊಂದುತ್ತದೆ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ಅದನ್ನು 1970ರಲ್ಲಿ ಸ್ವೀಕರಿಸಿತು. ರೇಸನ್ನು ಜೋಡಿಗಳಾಗಿ ಒಡೆದು, ನಿಮ್ಮ ಹಿಂದೆ ಮುಗಿಸಿದ ಪ್ರತಿಯೊಬ್ಬರನ್ನು ಸೋಲಿಸಿದಂತೆ, ಮುಂದೆ ಮುಗಿಸಿದವರಿಗೆ ಸೋತಂತೆ ಎಣಿಸಬೇಕು. 200 ಅಂಕ ಮೇಲಿರುವವರು ಗೆಲ್ಲುವ ನಿರೀಕ್ಷೆ ಸುಮಾರು 0.76, ಗುಣಾಂಕ (ಒಂದು ಜೋಡಿಯಿಂದ ಬದಲಾಗಬಹುದಾದ ಅಂಕದ ಮಿತಿ) 20 ಎಂದಿಟ್ಟುಕೊಂಡರೆ, ಅಂಥವರನ್ನು ಹಿಂದಿಕ್ಕಿದ ಕೆಳಗಿನವರಿಗೆ ಆ ಜೋಡಿಯಿಂದ 15 ಅಂಕ ಬರುತ್ತದೆ, ಮೇಲಿನವರು ಗೆದ್ದರೆ 5 ಅಂಕವಷ್ಟೇ. ಹತ್ತು ಜನರ ಓಟದಲ್ಲಿ ಪ್ರತಿಯೊಬ್ಬರಿಗೂ ಒಂಬತ್ತು ಜೋಡಿಗಳಾಗುವುದರಿಂದ ಒಟ್ಟು ಬದಲಾವಣೆಯನ್ನು 9ರಿಂದ ಭಾಗಿಸಿ. ನಾಲ್ವರೇ ಬಂದ ದಿನವೂ 9ರಿಂದಲೇ ಭಾಗಿಸಿದರೆ ಸಣ್ಣ ರೇಸಿನ ಗೆಲುವು ಪಟ್ಟಿಯನ್ನು ಅಲುಗಾಡಿಸುವುದಿಲ್ಲ. ಕಟಾವಿಗೆ ಹೋದವರ ಅಂಕ ಇದ್ದಲ್ಲೇ ಇರುತ್ತದೆ. ಮಂಡ್ಯದವನಾದ ನನಗೆ ಇದು ಇಷ್ಟವಾಗಲು ಬೇರೆ ಕಾರಣ ಹೇಳಬೇಕಾಗಿಲ್ಲ.

ಹಳೇ_ಸರ್ವೋ:
ಒಪ್ಪುತ್ತೇನೆ, ಆದರೆ ಟ್ರ್ಯಾಕಿನ ಬದಿಯಲ್ಲಿ ನಿಂತವರಿಗೆ ಈಲೋ ಅರ್ಥವಾಗುವುದಿಲ್ಲ. ಕೊನೆಯ ಸುತ್ತಿನಲ್ಲಿ ಯಾರು ಎಷ್ಟನೆಯವರಾದರೆ ಕಪ್ ಯಾರಿಗೆ ಎಂಬುದನ್ನು ಬೆರಳೆಣಿಕೆಯಲ್ಲಿ ಹೇಳುವಂತಿದ್ದರೇ ಸರಣಿಗೆ ಸ್ವಾರಸ್ಯ. ಈಲೋ ಹೀಟ್ ಹಂಚುವವರ ಸ್ಪ್ರೆಡ್‌ಶೀಟ್‌ನಲ್ಲಿರಲಿ. 13.5 ಮತ್ತು 17.5 ಟರ್ನ್ (ತಂತಿ ಸುರುಳಿಯ ಸುತ್ತು) ಮೋಟಾರುಗಳನ್ನು ಮಾತ್ರ ಒಂದೇ ಪಟ್ಟಿಗೆ ಸೇರಿಸಬೇಡಿ, 13.5ರ ವೇಗ ಹೆಚ್ಚಾದ್ದರಿಂದ ಅಂಕ ಚಾಲಕರಿಗೆ ಸಂದಿತೋ ಮೋಟಾರಿಗೋ ತಿಳಿಯದಾಗುತ್ತದೆ.

ಮೈಸೂರು_ಬಗ್ಗಿ:
ಇಬ್ಬರಿಗೂ ಧನ್ಯವಾದಗಳು. ಕಪ್‌ಗೆ ಎಂಟರಲ್ಲಿ ಐದು, ಹೀಟ್‌ಗೆ ಈಲೋ ಎಂದು ಮುಂದಿನ ಸಭೆಯಲ್ಲಿ ಮಂಡಿಸುತ್ತೇನೆ. ಹೊಸದಾಗಿ ಸೇರುವವರಿಗೆ ಆರಂಭದ ಅಂಕ ಎಷ್ಟು ಕೊಡಬೇಕು?

ಮಂಡ್ಯ_ಟ್ರ್ಯಾಕ್:
ಎಲ್ಲರಿಗೂ 1500. ಹೊಸಬರಿಗೆ ಮೊದಲ ಕೆಲವು ಸುತ್ತು ಗುಣಾಂಕವನ್ನು 40ಕ್ಕೆ ಏರಿಸಿ. ಫಿಡೆಯೂ ಹೊಸ ಆಟಗಾರರಿಗೆ 30 ಆಟ ಮುಗಿಯುವವರೆಗೆ 40ನ್ನೇ ಬಳಸುತ್ತದೆ. ತಮ್ಮ ನಿಜವಾದ ಜಾಗಕ್ಕೆ ಅವರು ಬೇಗ ತಲುಪುತ್ತಾರೆ.