ಮೇಲ್ ಬೌನ್ಸ್ ಆಗ್ತಿದೆಯಾ? ಇಲ್ಲಿ ಕೇಳಿ

ರಾಘು (ಮೇಲ್ ಸರ್ವರ್ ಅಡ್ಮಿನ್): ಬೌನ್ಸ್ ಮೆಸೇಜ್ (ಮೇಲ್ ವಾಪಸ್ ಬಂದಾಗ ಸಿಗುವ ಸೂಚನೆ) ಪೂರ್ತಿ ಹಾಕಿ. ಸುಮ್ನೆ "ಮೇಲ್ ಹೋಗುತ್ತಿಲ್ಲ" ಅಂದರೆ ಏನೂ ಗೊತ್ತಾಗುವುದಿಲ್ಲ.

ಶ್ವೇತಾ: ಅಂಗಡಿ ಡೊಮೇನ್‌ನಿಂದ ಜಿಮೇಲ್‌ಗೆ ಕಳಿಸಿದರೆ 550 5.7.26 ಎರರ್ ಬರುತ್ತಿದೆ ಸರ್.

ರಾಘು: ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಎರಡೂ ಪಾಸ್ ಆಗಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಒಂದಾದರೂ ಬೇಕೇ ಬೇಕು. ದಿನಕ್ಕೆ 5,000ದಷ್ಟು ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ (ಇವು ಫೇಲ್ ಆದರೆ ಮೇಲ್ ಏನು ಮಾಡಬೇಕು ಅನ್ನುವ ಸೂಚನೆ). ನಿಮ್ಮ ಮೇಲ್ ಕಂಪನಿ ಕೊಡುವ ರೆಕಾರ್ಡ್‌ಗಳನ್ನು ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರ ಇರುವ ಕಡೆ) ಹಾಕಿ.

ಮಂಜುನಾಥ: ಸರ್, ಸ್ವಂತ ವಿಪಿಎಸ್ (ಬಾಡಿಗೆಗೆ ಪಡೆದ ವರ್ಚುವಲ್ ಸರ್ವರ್), ಅದರಲ್ಲಿ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸಾಫ್ಟ್‌ವೇರ್. ಎಸ್‌ಪಿಎಫ್, ಡಿಕಿಮ್, ಪಿಟಿಆರ್ (ಐಪಿ ವಿಳಾಸ ಯಾವ ಹೆಸರಿನದು ಅಂತ ತೋರಿಸುವ ರೆಕಾರ್ಡ್) ಎಲ್ಲ ಹಾಕಿದ್ದೇನೆ. ಆದರೂ ಕೆಲವು ಮೇಲ್ ಮಾತ್ರ "ಐಪಿಗೆ ಪಿಟಿಆರ್ ಇಲ್ಲ" ಅಂತ 550 5.7.25 ಬರುತ್ತಿದೆ. ಉಳಿದವು ಆರಾಮಾಗಿ ಹೋಗುತ್ತಿವೆ.

ರಾಘು: ಇದು ಮಜವಾಗಿದೆ. ಬೌನ್ಸ್‌ನಲ್ಲಿರುವ ಐಪಿ ಯಾವುದು? ಕೋಲನ್ ತುಂಬಿದ ಉದ್ದದ್ದಾ?

ಮಂಜುನಾಥ: ಹೌದು ಸರ್!

ರಾಘು: ಅಲ್ಲೇ ಇದೆ ನೋಡಿ. ನೀವು ಪಿಟಿಆರ್ ಹಾಕಿರುವುದು ಐಪಿವಿ4ಕ್ಕೆ, ಅಂದರೆ ಹಳೆಯ ಚಿಕ್ಕ ವಿಳಾಸಕ್ಕೆ. ಸರ್ವರ್‌ಗೆ ಐಪಿವಿ6 (ಆ ಉದ್ದದ ವಿಳಾಸ) ಕೂಡ ಇದೆ. ಪೋಸ್ಟ್‌ಫಿಕ್ಸ್ ಒಮ್ಮೆ ಅದನ್ನು ಹಿಡಿಯುತ್ತದೆ, ಒಮ್ಮೆ ಇದನ್ನು. 4ರಲ್ಲಿ ಹೋದದ್ದು ತಲುಪುತ್ತದೆ, 6ರಲ್ಲಿ ಹೋದದ್ದು ವಾಪಸ್. ಪಿಟಿಆರ್ ಹಾಕುವುದು ಡೊಮೇನ್ ಕೊಂಡ ಕಡೆ ಅಲ್ಲ, ವಿಪಿಎಸ್ ಕೊಟ್ಟವರ ಪ್ಯಾನೆಲ್‌ನಲ್ಲಿ. ಅಲ್ಲಿ ರಿವರ್ಸ್ ಡಿಎನ್‌ಎಸ್ (ಪಿಟಿಆರ್ ಹಾಕುವ ಜಾಗ) ಹುಡುಕಿ, ಐಪಿವಿ6 ವಿಳಾಸಕ್ಕೂ ಮೇಲ್ ಸರ್ವರ್ ಹೆಸರು ಕೊಡಿ. ಆಮೇಲೆ ಆ ಹೆಸರಿಗೆ ಎಎಎಎ ರೆಕಾರ್ಡ್ (ಹೆಸರಿನಿಂದ ಐಪಿವಿ6 ವಿಳಾಸ ತೋರಿಸುವುದು) ಹಾಕಿ, ಅದೇ ವಿಳಾಸಕ್ಕೆ. ಗೂಗಲ್ ಎರಡೂ ದಿಕ್ಕಿನಿಂದ ನೋಡುತ್ತದೆ, ಒಂದು ಕಡೆ ಸರಿ ಇದ್ದರೆ ಸಾಲದು. ಎಸ್‌ಪಿಎಫ್‌ಗೂ ಆ ವಿಳಾಸ ಸೇರಿಸಿ. ಅವಸರ ಇದ್ದರೆ ಪೋಸ್ಟ್‌ಫಿಕ್ಸ್‌ಗೆ ಬರೀ ಐಪಿವಿ4 ಬಳಸಲು ಹೇಳಿ, ನಿಲ್ಲಿಸಿ ಮತ್ತೆ ಶುರು ಮಾಡಿ. ರೀಲೋಡ್ ಮಾಡಿದರೆ ಆಗುವುದಿಲ್ಲ.

ಗಿರೀಶ: ಫಾರ್ವರ್ಡ್ ಬಂದಿದ್ದು: "ಎಸ್‌ಪಿಎಫ್ ಕೊನೆಗೆ ಪ್ಲಸ್ ಆಲ್ ಹಾಕಿ, ಬೌನ್ಸ್ ಮಾಯ! ಎಲ್ಲರಿಗೂ ಕಳಿಸಿ 🙏"

ರಾಘು: ಯಾರೂ ಹಾಕಬೇಡಿ. ಯಾವ ಸರ್ವರ್ ಬೇಕಾದರೂ ನನ್ನ ಹೆಸರಲ್ಲಿ ಮೇಲ್ ಕಳಿಸಲಿ ಅಂತ ಬರೆದುಕೊಟ್ಟ ಹಾಗೆ. ಇಂಥವನ್ನು ಯಾರು ಹುಟ್ಟಿಸುತ್ತಾರೋ.

ಗಿರೀಶ: ನನಗೆ ಕೆಲಸ ಮಾಡಿತಲ್ಲ?

ರಾಘು: ಬಾಗಿಲು ತೆಗೆದಿಟ್ಟರೆ ನಿಮಗೂ ಸುಲಭ, ಕಳ್ಳನಿಗೂ ಸುಲಭ.

ಇಮ್ರಾನ್: ನಮ್ಮಲ್ಲಿ ಎಸ್‌ಪಿಎಫ್ ರೆಕಾರ್ಡ್ ಎರಡಿವೆ. ಆಫೀಸಿನದ್ದೊಂದು, ನ್ಯೂಸ್‌ಲೆಟರ್‌ದೊಂದು. ನಡೆಯುತ್ತಾ?

ರಾಘು: ಇಲ್ಲ. ಒಂದರಲ್ಲೇ ಸೇರಿಸಿ. ಅದನ್ನು ಪರಿಶೀಲಿಸಲು ಬೇಕಾಗುವ ಡಿಎನ್‌ಎಸ್ ಲುಕಪ್ (ಹುಡುಕಾಟ) 10 ದಾಟಬಾರದು.

ವಿದ್ಯಾ: 5.7.26 ಬಂದರೆ ಏನು ಮಾಡೋದು ಸರ್?

ರಾಘು: ಮೇಲೆ ಓದಿ.

ಲೋಕೇಶ: ಔಟ್‌ಲುಕ್‌ನಲ್ಲಿ ಜಂಕ್‌ಗೆ ಹೋಗುತ್ತಿದೆ, ಬೌನ್ಸ್ ಇಲ್ಲ. ಯಾಕೆ?

ಹರ್ಷ: ಇಷ್ಟೆಲ್ಲ ಒದ್ದಾಟ ಯಾಕೆ? ಗೂಗಲ್ ವರ್ಕ್‌ಸ್ಪೇಸ್ ತಗೊಳ್ಳಿ, ಮುಗೀತು.

ಮಂಜುನಾಥ: ಆಫೀಸಲ್ಲಿ ಮೂವತ್ತು ಜನ. ತಲೆಗಿಷ್ಟು ಅಂತ ತಿಂಗಳು ತಿಂಗಳು ನೀವು ಕಟ್ಟುತ್ತೀರಾ?

ಹರ್ಷ: ಮೇಲ್ ಹೋಗದೆ ಆರ್ಡರ್ ತಪ್ಪಿದ್ದು ಲೆಕ್ಕಕ್ಕಿಲ್ವಾ ಗುರು?

ಇಮ್ರಾನ್: ವರ್ಕ್‌ಸ್ಪೇಸ್ ತಗೊಂಡರೂ ರೆಕಾರ್ಡ್ ನಾವೇ ಹಾಕಬೇಕಲ್ವಾ?

ಹರ್ಷ: ಐದು ನಿಮಿಷದ ಕೆಲಸ ಅದು.

ಮಂಜುನಾಥ: ಐದು ನಿಮಿಷದವರು ಈ ಗ್ರೂಪಲ್ಲಿ ಏನು ಮಾಡುತ್ತಿದ್ದೀರಿ?

ರಾಘು: ಜಗಳ ಬೇರೆ ಕಡೆ ಆಡಿ. ಮಂಜುನಾಥ್, ಪಿಟಿಆರ್ ಹಾಕಿದಿರಾ?

ಗಿರೀಶ: ಸರ್, ಪ್ಲಸ್ ಆಲ್ ತೆಗೆದೆ. ಈಗ 5.7.26 ಬರುತ್ತಿದೆ.